ಫೈಲ್ ಕಾಪಿ ಆಗುವಾಗ ಯುಎಸ್‌ಬಿ ಕಡಿದುಹೋಗುತ್ತಿದೆ: ಪೋರ್ಟೋ, ಕೇಬಲ್ಲೋ, ಬೋರ್ಡೋ?

ಮೂಲೆಮೇಜು:

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ವಿಂಡೋಸ್ 11. ಕ್ಯಾಬಿನೆಟ್‌ನ ಮುಂದೆ ಎರಡು ನೀಲಿ (ಯುಎಸ್‌ಬಿ 3.0) ಪೋರ್ಟ್, ಹಿಂದೆ ನಾಲ್ಕು ನೀಲಿ, ಎರಡು ಕಪ್ಪು (2.0). ಈಚೆಗೆ ಯುಎಸ್‌ಬಿ ನೆಟ್ಟಗಿಲ್ಲ. ಲಕ್ಷಣಗಳು ಇಷ್ಟು:

2.5 ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಮುಂದಿನ ಪೋರ್ಟಿಗೆ ಹಾಕಿ ದೊಡ್ಡ ಫೈಲ್ ಕಾಪಿ ಮಾಡಿದರೆ ಸ್ವಲ್ಪ ಹೊತ್ತಿಗೆ ಡಿಸ್‌ಕನೆಕ್ಟ್ ಸದ್ದಾಗಿ ಡಿಸ್ಕ್ ಮಾಯ. ಎರಡು ಮೂರು ಸೆಕೆಂಡಿಗೆ ತಾನಾಗಿಯೇ ವಾಪಸ್ ಬರುತ್ತದೆ, ಅಷ್ಟರಲ್ಲಿ ಕಾಪಿ ಕೆಟ್ಟಿರುತ್ತದೆ. ವಾಪಸ್ ಬಂದ ಮೇಲೆ ಒಮ್ಮೊಮ್ಮೆ ವೇಗ ಸೆಕೆಂಡಿಗೆ 35 ಎಂಬಿ ದಾಟುವುದೇ ಇಲ್ಲ, ಮೊದಲು 110ರ ಆಸುಪಾಸು ಇರುತ್ತಿತ್ತು. ಹಿಂದಿನ ನೀಲಿ ಪೋರ್ಟಿನಲ್ಲಿ ಡಿಸ್ಕ್ ಬಹುಮಟ್ಟಿಗೆ ನಿಲ್ಲುತ್ತದೆ, ಆದರೆ ಪಕ್ಕದಲ್ಲಿ ಚುಚ್ಚಿರುವ ವೈರ್‌ಲೆಸ್ ಮೌಸ್ ಕಾಪಿ ಮುಗಿಯುವ ತನಕ ತಡವರಿಸುತ್ತದೆ. ಇನ್ನು ಸ್ಲೀಪ್‌ನಿಂದ ಎದ್ದಾಗ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಕೆಲವು ಸಲ ಕೋಡ್ 43 (ಸಾಧನದಲ್ಲಿ ದೋಷ ಕಂಡು ವಿಂಡೋಸ್ ಅದನ್ನು ನಿಲ್ಲಿಸಿದೆ ಎಂಬ ಎರರ್) ತೋರಿಸುತ್ತದೆ, ಕಿತ್ತು ಮತ್ತೆ ಹಾಕಿದರೆ ಸರಿಹೋಗುತ್ತದೆ.

ಮಾಡಿ ನೋಡಿದ್ದು: ಕಂಟ್ರೋಲರ್ (ಯುಎಸ್‌ಬಿ ಪೋರ್ಟುಗಳನ್ನು ನಡೆಸುವ ಚಿಪ್) ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್, ವಿಂಡೋಸ್ ಅಪ್‌ಡೇಟ್, ಬೇರೆ ಕೇಬಲ್ (1.5 ಮೀಟರ್). ಇವೆಂಟ್ ವ್ಯೂವರ್‌ನಲ್ಲಿ 'ಡಿಸ್ಕ್' ಮೂಲದಿಂದ 153 ಮತ್ತು 157 ಸಾಲುಸಾಲು ಬಂದಿವೆ. ಮಲ್ಟಿಮೀಟರ್ ಇದೆ, ಪೋರ್ಟಿಗೆ ಸಿಕ್ಕಿಸುವ ಚಿಕ್ಕ ಯುಎಸ್‌ಬಿ ಮೀಟರ್ ಕೂಡ ಇದೆ. ಕ್ಯಾಬಿನೆಟ್ ಬಿಚ್ಚಲು ಅಂಜಿಕೆ ಇಲ್ಲ. ಎಲ್ಲಿಂದ ಶುರು ಮಾಡಲಿ? ಮದರ್‌ಬೋರ್ಡೇ ಹೋಗಿದೆ ಅಂದುಕೊಳ್ಳಬೇಕಾ?

---

ತಂತಿಗಂಟು:

ಬೋರ್ಡ್ ವಿಷಯ ಸದ್ಯ ಪಕ್ಕಕ್ಕಿಡಿ. ನೀವು ಬರೆದಿರುವುದು ಒಂದು ತೊಂದರೆಯಲ್ಲ, ಒಂದೇ ಹೊತ್ತಿಗೆ ಕಾಣಿಸಿಕೊಂಡ ಮೂರು ಬೇರೆ ಬೇರೆ ತೊಂದರೆಗಳು. ಮೂರಕ್ಕೂ ಒಂದೇ ಮದ್ದು ಹುಡುಕಲು ಹೊರಟರೆ ಡ್ರೈವರ್ ಹಾಕಿ ತೆಗೆಯುವುದರಲ್ಲೇ ದಿನ ಹೋಗುತ್ತದೆ.

ಸುಲಭದ್ದು ಮೌಸ್. ಅದಕ್ಕೂ ನಿಮ್ಮ ಪೋರ್ಟಿನ ಆರೋಗ್ಯಕ್ಕೂ ಸಂಬಂಧವಿಲ್ಲ. 5 ಜಿಬಿಪಿಎಸ್ ಯುಎಸ್‌ಬಿ ಸಂಕೇತ ಓಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಹರಡುತ್ತದೆ. ಮೌಸ್ ರಿಸೀವರ್ ಕೆಲಸ ಮಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದರ ಮೇಲೆ ಒಂದು ತಾಂತ್ರಿಕ ವರದಿ ಹೊರತಂದಿತ್ತು. ಡಿಸ್ಕ್ ಸುಮ್ಮನಿದ್ದಾಗ ಮೌಸ್ ಸರಿಯಾಗಿದ್ದು, ಕಾಪಿ ಶುರುವಾದ ಕೂಡಲೇ ತಡವರಿಸಿದರೆ ಇದೇ ಕಾರಣ. ಅರ್ಧ ಅಥವಾ ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮೇಲೆ, ಮೌಸ್ ಹತ್ತಿರ ತಂದಿಡಿ. ಎಕ್ಸ್‌ಟೆನ್ಷನ್ ಹಿಂದಿನ ಕಪ್ಪು ಪೋರ್ಟಿನಿಂದ ಬರಲಿ. ಡಿಸ್ಕಿನ ಕೇಬಲ್ ಶೀಲ್ಡ್ ಇಲ್ಲದ ಅಗ್ಗದ್ದಾಗಿದ್ದರೆ ಗದ್ದಲ ಇನ್ನೂ ಹೆಚ್ಚು. ಅದೇ ಡಿಸ್ಕ್ ವೈಫೈಯ 2.4 ಪಟ್ಟಿಯನ್ನೂ ಹಾಳುಮಾಡಬಲ್ಲದು. ಯಾರಾದರೂ 'ಹಾರ್ಡ್ ಡಿಸ್ಕ್ ಹಾಕಿದರೆ ನೆಟ್ ನಿಧಾನ' ಅಂದರೆ ನಗಬೇಡಿ.

ಸ್ಲೀಪ್‌ನದ್ದು ಪವರ್ ಉಳಿಸುವ ವ್ಯವಸ್ಥೆಯ ಗೊಡವೆ, ಅದಕ್ಕೆ ಆಮೇಲೆ ಬರೋಣ. ಮೊದಲು ಡಿಸ್ಕ್.

153 ಅಂದರೆ ಓದುವ ಅಥವಾ ಬರೆಯುವ ಕೋರಿಕೆಗೆ ಉತ್ತರ ಬಾರದೆ ವಿಂಡೋಸ್ ಮತ್ತೆ ಕೇಳಿದೆ ಎಂದರ್ಥ. 157 ಅಂದರೆ ಡಿಸ್ಕ್ ಹೇಳದೆ ಕೇಳದೆ ಎದ್ದು ಹೋಗಿದೆ. 157 ಬರೀ ಮುಂದಿನ ಪೋರ್ಟಿನಲ್ಲಿ ಬರುತ್ತದೋ, ಹಿಂದೆಯೂ ಬರುತ್ತದೋ ಸಮಯ ನೋಡಿ ತಾಳೆಹಾಕಿ. ವಾಪಸ್ ಬಂದಾಗ 35 ಎಂಬಿಗೆ ನಿಲ್ಲುವುದು ದೊಡ್ಡ ಸುಳಿವು: ಡಿಸ್ಕ್ ಆಗ ಯುಎಸ್‌ಬಿ 2.0ಕ್ಕೆ ಇಳಿದಿದೆ. ನೀಲಿ ಪೋರ್ಟಿನಲ್ಲಿ ಹಳೆಯ ನಾಲ್ಕು ಸಂಪರ್ಕಗಳ ಜೊತೆಗೆ ಹೆಚ್ಚಿನ ವೇಗಕ್ಕೆಂದೇ ಬೇರೆ ಐದು ಸಂಪರ್ಕಗಳಿವೆ. ಆ ಐದರಲ್ಲಿ ಏನಾದರೂ ಏರುಪೇರಾದರೆ ಡಿಸ್ಕ್ ಸಾಯುವುದಿಲ್ಲ, ಹಳೆಯ ದಾರಿ ಹಿಡಿದು ನಿಧಾನಕ್ಕೆ ನಡೆಯುತ್ತದೆ. 'ಯುಎಸ್‌ಬಿ ಟ್ರೀ ವ್ಯೂ' ಎಂಬ ಉಚಿತ ಸಾಧನ ಇಳಿಸಿಕೊಳ್ಳಿ. ಯಾವ ಪೋರ್ಟ್ ಯಾವ ಕಂಟ್ರೋಲರಿನದು, ಸಾಧನ ಈಗ ಯಾವ ವೇಗದಲ್ಲಿ ಕೂಡಿಕೊಂಡಿದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಡಿವೈಸ್ ಮ್ಯಾನೇಜರ್ ನೋಡಿ ಇದನ್ನು ಹೇಳುವುದು ಕಷ್ಟ.

ಒಂದು ಎಚ್ಚರಿಕೆ. ಪ್ಲಗ್ಗನ್ನು ಮೆಲ್ಲಮೆಲ್ಲಗೆ ತೂರಿಸಿದರೆ ಹಳೆಯ ಸಂಪರ್ಕಗಳು ಮೊದಲು ತಾಗಿ, ಸರಿಯಿರುವ ಪೋರ್ಟ್ ಕೂಡ 2.0 ಎಂದೇ ತೋರಿಸಬಹುದು. ಪರೀಕ್ಷೆ ಮಾಡುವಾಗ ಒಂದೇ ಸಲಕ್ಕೆ ಪೂರ್ತಿ ಒತ್ತಿ.

ಇನ್ನೊಂದು, ಇದು ಎಲ್ಲಕ್ಕಿಂತ ಮೊದಲು: ಡಿಸ್ಕಿನಲ್ಲಿರುವುದಕ್ಕೆ ಬೇರೆ ಪ್ರತಿ ಇರಲಿ. ನಡುವೆ ಕಡಿದುಹೋದ ಪ್ರತಿ ಸಲವೂ ಫೈಲ್ ಸಿಸ್ಟಂ ಕೆಡುವ ಅವಕಾಶ ಇದ್ದೇ ಇದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಚೆಕ್ ಡಿಸ್ಕ್ (ಫೈಲ್ ಸಿಸ್ಟಂ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಸಾಧನ) ಓಡಿಸಿ. ಮುಂಚೆಯೇ ಓಡಿಸಬೇಡಿ, ಅದು ನಡೆಯುವಾಗಲೇ ಸಂಪರ್ಕ ಕಡಿದರೆ ಇನ್ನೊಂದು ರಗಳೆ.

---

ಅರ್ಧವೋಲ್ಟ್:

ತಂತಿಗಂಟು ಅವರು ಹೇಳಿದ್ದು ಸರಿ. ವೋಲ್ಟೇಜ್ ಲೆಕ್ಕ ಸೇರಿಸುತ್ತೇನೆ. 2.5 ಇಂಚಿನ ಡಿಸ್ಕ್ ಅಂದ ಮೇಲೆ ನನ್ನ ಮೊದಲ ಅನುಮಾನ ಯಾವಾಗಲೂ ಅಲ್ಲೇ.

ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿ ಆಂಪಿಯರ್, 3.0 ಪೋರ್ಟ್ ಕೊಡಬೇಕಾದ್ದು 900. ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಇಂಥ ಡಿಸ್ಕ್ 900ರ ಹತ್ತಿರಕ್ಕೆ ಹೋಗುವುದುಂಟು, ಓಡುವಾಗ ಅದಕ್ಕಿಂತ ಎಷ್ಟೋ ಕಡಿಮೆ. ಈಗ ಕೇಬಲ್ ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಪವರ್ ತಂತಿಯೂ 28 ಗೇಜಿನದೇ ಇರುತ್ತದೆ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಪೂರ). ಅದರ ರೋಧ ಮೀಟರಿಗೆ ಸುಮಾರು 0.21 ಓಮ್. ಕರೆಂಟ್ ಹೋಗಿ ವಾಪಸ್ ಬರಬೇಕಾದ್ದರಿಂದ 1.5 ಮೀಟರಿನ ಕೇಬಲ್ ಅಂದರೆ 3 ಮೀಟರ್ ತಂತಿ, ಅಂದರೆ 0.64 ಓಮ್. 0.85 ಆಂಪಿಯರ್ ಎಳೆದರೆ ಕೇಬಲ್ ಒಂದರಲ್ಲೇ 0.54 ವೋಲ್ಟ್ ಮಂಗಮಾಯ! ಅದೇ 1.5 ಮೀಟರ್ 24 ಗೇಜಿನದಾದರೆ 0.25 ಓಮ್, ಬೀಳುವುದು 0.21 ವೋಲ್ಟ್. ಅರ್ಧ ಮೀಟರಿನದಾದರೆ 28 ಗೇಜಿನಲ್ಲೂ 0.18 ಅಷ್ಟೇ. ಹಾಗಾಗಿ ನೀವು 'ಬೇರೆ ಕೇಬಲ್ ಹಾಕಿ ನೋಡಿದೆ' ಅಂದಿದ್ದು ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಡಿಸ್ಕಿನ ಜೊತೆ ಬಂದ ಗಿಡ್ಡ ಕೇಬಲ್ ಎಲ್ಲಿದೆಯೋ ಹುಡುಕಿ ತೆಗೆಯಿರಿ.

ಮುಂದಿನ ಪೋರ್ಟಿಗೆ ಬೋರ್ಡಿನಿಂದ ಕ್ಯಾಬಿನೆಟ್ ಒಳಗೇ ಅರ್ಧ ಮುಕ್ಕಾಲು ಮೀಟರಿನ ಕೇಬಲ್ ಹರಿದು ಬಂದಿರುತ್ತದೆ, ಅದೂ ಸಾಮಾನ್ಯವಾಗಿ ಸಪೂರವಾದದ್ದೇ. ಹಿಂದಿನ ಪೋರ್ಟುಗಳು ಬೋರ್ಡಿಗೇ ಬೆಸೆದುಕೊಂಡಿರುತ್ತವೆ. ಅಲ್ಲಿ ಡಿಸ್ಕ್ ನಿಲ್ಲುವುದಕ್ಕೆ ಅರ್ಧ ಕಾರಣ ಅದೇ.

ಅಳೆಯುವುದು ಹೀಗೆ. ಯುಎಸ್‌ಬಿ ಮೀಟರನ್ನು ಪೋರ್ಟಿಗೆ ಚುಚ್ಚಿ, ಡಿಸ್ಕ್ ಹಾಕದೆ ಒಮ್ಮೆ ಓದಿ. ಆಮೇಲೆ ಡಿಸ್ಕ್ ಹಾಕಿ, ತಿರುಗಲು ಶುರುವಾಗುವಾಗಿನ ಕನಿಷ್ಠ ವೋಲ್ಟೇಜ್ ಮತ್ತು ಆ ಹೊತ್ತಿನ ಕರೆಂಟ್ ಬರೆದುಕೊಳ್ಳಿ, ಕಾಪಿ ನಡೆಯುವಾಗ ಮತ್ತೊಮ್ಮೆ. ಹಿಂದೆ ಮುಂದೆ ಎರಡರಲ್ಲೂ. ಎರಡು ಓದಿಕೆಗಳ ವ್ಯತ್ಯಾಸವನ್ನು ಕರೆಂಟಿನಿಂದ ಭಾಗಿಸಿದರೆ ಪೋರ್ಟಿನ ಹಿಂದಿರುವ ಒಟ್ಟು ರೋಧ ಬರುತ್ತದೆ. ಚಿಕ್ಕ ಮೀಟರುಗಳಲ್ಲಿ ಹಲವಕ್ಕೆ ಹಳೆಯ ನಾಲ್ಕೇ ಸಂಪರ್ಕ ಇರುವುದರಿಂದ ಡಿಸ್ಕ್ 2.0 ವೇಗಕ್ಕೆ ಇಳಿಯಬಹುದು, ಗಾಬರಿ ಬೇಡ, ವೋಲ್ಟೇಜ್ ಓದಿಕೆಗೆ ಅದರಿಂದ ತೊಂದರೆಯಿಲ್ಲ. ಮಲ್ಟಿಮೀಟರಿನ ಮೊನೆಯನ್ನು ಪೋರ್ಟಿನ ಒಳಕ್ಕೆ ಮಾತ್ರ ತೂರಿಸಬೇಡಿ. ಐದು ವೋಲ್ಟೂ ಗ್ರೌಂಡೂ ಕೂಡಿಕೊಂಡರೆ ಇಲ್ಲದ ತೊಂದರೆಯನ್ನು ನೀವೇ ತಂದುಕೊಂಡ ಹಾಗೆ.

ಮಲ್ಟಿಮೀಟರಿಗೆ ಬೇರೆ ಕೆಲಸ ಇದೆ. ಎಸ್‌ಎಂಪಿಎಸ್‌ನ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) 24 ಪಿನ್ ಕನೆಕ್ಟರಿನಲ್ಲಿ 9ನೇ ಪಿನ್ನು, ನೇರಳೆ ತಂತಿ (ಎಲ್ಲ ತಂತಿಯೂ ಕಪ್ಪಗಿರುವ ಎಸ್‌ಎಂಪಿಎಸ್ ಆದರೆ ಪಿನ್ ಎಣಿಸಬೇಕು). ಅದು ಐದು ವೋಲ್ಟಿನ ಸ್ಟ್ಯಾಂಡ್‌ಬೈ ಲೈನು. ಕಂಪ್ಯೂಟರ್ ಮಲಗಿದ್ದಾಗಲೂ ಯುಎಸ್‌ಬಿಗೆ ಪವರ್ ಬರುವುದು ಇಲ್ಲಿಂದಲೇ, ಕೆಲವು ಬೋರ್ಡುಗಳಲ್ಲಿ ಎಚ್ಚರವಿದ್ದಾಗಲೂ ಇಲ್ಲಿಂದಲೇ. ಈ ಲೈನಿನ ತಾಕತ್ತು ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 2.5ರಿಂದ 3 ಆಂಪಿಯರ್, ಎಲ್ಲ ಪೋರ್ಟಿಗೂ ಸೇರಿ. ಇದೂ, ಕೆಂಪು ತಂತಿಯ ಐದು ವೋಲ್ಟೂ 4.75ರಿಂದ 5.25ರ ಒಳಗೆ ಇರಬೇಕು. ಡಿಸ್ಕ್ ಕೆಲಸ ಮಾಡುತ್ತಿರುವಾಗ ಅಳೆಯಿರಿ. ಇಲ್ಲೇ 4.75ರ ಕೆಳಗೆ ಕಂಡರೆ ಎಸ್‌ಎಂಪಿಎಸ್ ಮುದಿಯಾಗಿದೆ, ಪೋರ್ಟ್ ಕೇಬಲ್ ಅಂತ ಹುಡುಕುವುದು ದಂಡ.

---

ಸೀಸದಹೊಗೆ:

ಪೋರ್ಟ್ ಬಿಚ್ಚಿ ನೋಡುವವರ ಕಡೆಯಿಂದ ಒಂದಿಷ್ಟು.

ಮುಂದಿನ ನೀಲಿ ಪೋರ್ಟುಗಳು ಬೋರ್ಡಿಗೆ ಕೂಡುವುದು 19 ಪಿನ್ನಿನ ದಪ್ಪ ಪ್ಲಗ್ಗಿನಿಂದ. ಇಡೀ ಕಂಪ್ಯೂಟರಿನಲ್ಲಿ ಇದಕ್ಕಿಂತ ಕೆಟ್ಟ ಕನೆಕ್ಟರ್ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಿನ್ ಸಪೂರ, ಪ್ಲಗ್ ಬಿಗಿ, ಕೇಬಲ್ ಮರದ ಕೊರಡಿನ ಹಾಗೆ ಪೆಡಸು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಹಾಕುವಾಗ ಕೇಬಲ್ ಒತ್ತಿಕೊಂಡು ಪ್ಲಗ್ಗನ್ನು ಓರೆಗೆ ಎಳೆಯುತ್ತಿರುತ್ತದೆ. ಒಂದು ಮೂಲೆ ಅರ್ಧ ಮಿಲಿಮೀಟರ್ ಎದ್ದರೂ ಸಾಕು, ಆಗೊಮ್ಮೆ ಈಗೊಮ್ಮೆ ಕಡಿಯುವ ಸಂಪರ್ಕ ತಯಾರು.

ಕಂಪ್ಯೂಟರ್ ಆಫ್ ಮಾಡಿ, ಎಸ್‌ಎಂಪಿಎಸ್ ಸ್ವಿಚ್ ಆರಿಸಿ, ಗೋಡೆಯಿಂದ ಪ್ಲಗ್ ಕೀಳಿ, ಪವರ್ ಬಟನ್ 10-15 ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ. ಸ್ಟ್ಯಾಂಡ್‌ಬೈ ಲೈನ್ ಜೀವಂತ ಇರುವಾಗ ಹೆಡರಿಗೆ (ಆ ಪ್ಲಗ್ ಕೂರುವ, ಬೋರ್ಡಿನ ಮೇಲಿನ ಪಿನ್ನುಗಳ ಗೂಡು) ಕೈ ಹಾಕಬಾರದು. ಆಮೇಲೆ ಪ್ಲಗ್ಗನ್ನು ನೆಟ್ಟಗೆ ಮೇಲಕ್ಕೆ ಎಳೆಯಿರಿ. ಅಲ್ಲಾಡಿಸಿ ಕಿತ್ತರೆ ಹೆಡರಿನ ಪ್ಲಾಸ್ಟಿಕ್ ಗೂಡೇ ಪ್ಲಗ್ಗಿನ ಜೊತೆ ಎದ್ದು ಬರುತ್ತದೆ, ಪಿನ್ನುಗಳು ಬೋರ್ಡಿನ ಮೇಲೆ ಬೆತ್ತಲೆ ನಿಲ್ಲುತ್ತವೆ. ಬೋರ್ಡನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿರಿ.

ಟಾರ್ಚ್ ಹಾಕಿ ಪಿನ್ನುಗಳನ್ನು ಎರಡು ದಿಕ್ಕಿನಿಂದ ನೋಡಿ. 1 ಮತ್ತು 19 ಐದು ವೋಲ್ಟ್, ಒಂದೊಂದು ಪೋರ್ಟಿಗೆ ಒಂದೊಂದು. 4, 7, 13, 16 ಗ್ರೌಂಡ್. 20ನೆಯದು ಇರುವುದಿಲ್ಲ, ತಿರುಗುಮುರುಗಾಗಿ ಹಾಕದಿರಲೆಂದು ಖಾಲಿ ಬಿಟ್ಟ ಜಾಗ ಅದು. ಗ್ರೌಂಡ್ ಪಿನ್ ಒಂದು ಮಡಚಿಕೊಂಡರೆ ಪೋರ್ಟ್ ಪೂರ್ತಿ ಸಾಯುವುದಿಲ್ಲ, ಇನ್ನೊಂದು ಗ್ರೌಂಡ್ ಹೊರೆ ಹೊತ್ತುಕೊಳ್ಳುತ್ತದೆ. ಹಾಗಾಗಿ ಪೆನ್ ಡ್ರೈವ್, ಕೀಬೋರ್ಡ್ ಎಲ್ಲ ಸುಸೂತ್ರ, ಭಾರದ ಡಿಸ್ಕ್ ಮಾತ್ರ ಕೈಕೊಡುತ್ತದೆ. ಐದು ವೋಲ್ಟಿನ ಪಿನ್ ಬಾಗಿ ಪಕ್ಕದ್ದಕ್ಕೆ ತಾಗಿದರೆ ಕಥೆ ಬೇರೆ: ಆನ್ ಮಾಡಿದ ಕೂಡಲೇ ಪರದೆಯಲ್ಲಿ 'ಓವರ್ ಕರೆಂಟ್' ಎಂದು ಬಂದು ಕೆಲವು ಬೋರ್ಡುಗಳು 15 ಸೆಕೆಂಡಿನಲ್ಲಿ ತಾವೇ ಆರಿಹೋಗುತ್ತವೆ.

ಬಾಗಿದ ಪಿನ್ ಎತ್ತಲು ಸಪೂರ ಮೊನೆಯ ಚಿಮಟ, ಇಲ್ಲವೇ ಮೆಕ್ಯಾನಿಕಲ್ ಪೆನ್ಸಿಲಿನ ಖಾಲಿ ಲೋಹದ ಮೂತಿ. ಪಿನ್ನನ್ನು ಅದರೊಳಗೆ ತೂರಿಸಿ ಒಂದೇ ಸಲ, ನಿಧಾನಕ್ಕೆ ನೆಟ್ಟಗೆ ಮಾಡಿ. ಹಿಂದೆ ಮುಂದೆ ಆಡಿಸಿದರೆ ಬುಡದಲ್ಲಿ ಮುರಿಯುತ್ತದೆ.

ಪೋರ್ಟಿನ ಒಳಗೂ ನೋಡಿ. ಎ ಮಾದರಿಯ ಸಾಮಾನ್ಯ ಪೋರ್ಟಿನ ಆಯುಸ್ಸು ಸ್ಟ್ಯಾಂಡರ್ಡ್ ಪ್ರಕಾರ 1,500 ಸಲ ಹಾಕಿ ತೆಗೆಯುವಷ್ಟು, ಸಿ ಮಾದರಿಗೆ 10,000. ದಿನಕ್ಕೆ ನಾಲ್ಕು ಸಲ ಬಳಸುವ ಮುಂದಿನ ಪೋರ್ಟ್ ಒಂದೇ ವರ್ಷದಲ್ಲಿ 1,500ರ ಗಡಿಗೆ ಬರುತ್ತದೆ. ಪ್ಲಗ್ ಹಾಕಿ ಮೇಲೆ ಕೆಳಗೆ ಮೆಲ್ಲಗೆ ಒತ್ತಿದಾಗ ಸಾಧನ ಬಂದು ಹೋಗಿ ಮಾಡಿದರೆ ಸ್ಪ್ರಿಂಗ್ ಸಂಪರ್ಕಗಳು ಸಡಿಲವಾಗಿವೆ. ಅವನ್ನು ಬಗ್ಗಿಸಿ ರಿಪೇರಿ ಮಾಡುವುದು ನಾಲ್ಕು ದಿನದ ಮಾತು, ಮುಂದಿನ ಪೋರ್ಟಿನ ಪಟ್ಟಿಯನ್ನೇ ಬದಲಿಸಿ. ಬರೀ ಕೊಳೆ ಅಥವಾ ಕಿಲುಬು ಕಂಡರೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ಜುಂಗು ಬಿಡದ ಬಟ್ಟೆಯನ್ನು ಹಲ್ಲುಕಡ್ಡಿಗೆ ಸುತ್ತಿ ಒರೆಸಿ, ಪೂರ್ತಿ ಆರಲು ಬಿಟ್ಟು ಆಮೇಲೆ ಪವರ್ ಕೊಡಿ. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಬೇಡ, ಜಿಡ್ಡು ಉಳಿದು ದೂಳು ಹಿಡಿಯುತ್ತದೆ.

---

ಲೈವ್‌ಸಿಡಿ:

ಸಾಫ್ಟ್‌ವೇರೋ ಹಾರ್ಡ್‌ವೇರೋ ಎಂದು ಅರ್ಧ ಗಂಟೆಯಲ್ಲಿ ತೀರ್ಮಾನ ಆಗಬೇಕಾದರೆ ಒಂದು ಪೆನ್ ಡ್ರೈವಿನಿಂದ ಲಿನಕ್ಸ್ ಲೈವ್ ಬೂಟ್ ಮಾಡಿ (ಇನ್‌ಸ್ಟಾಲ್ ಮಾಡದೆ ನೇರ ಓಡಿಸಿ) ಅದೇ ಪೋರ್ಟಿನಲ್ಲಿ ಅದೇ ಕಾಪಿ ನಡೆಸಿ. ಟರ್ಮಿನಲ್‌ನಲ್ಲಿ ಡಿಎಂಇಎಸ್‌ಜಿ ಆದೇಶವನ್ನು ಡಬ್ಲ್ಯೂ ಆಯ್ಕೆಯೊಂದಿಗೆ ತೆರೆದಿಡಿ, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಏನೇನು ಗೊಣಗುತ್ತದೆ ಎಂಬುದು ಆಗಿಂದಾಗ್ಗೆ ಕಾಣುತ್ತದೆ. ಅಲ್ಲೂ ಕಡಿದರೆ ವಿಂಡೋಸ್ ನಿರಪರಾಧಿ.

ಎರರ್ ಸಂಖ್ಯೆಗಳಿಗೆ ಅರ್ಥ ಇದೆ. ಮೈನಸ್ 71 ಬಂದರೆ ಪ್ರೋಟೋಕಾಲ್ ಮಟ್ಟದಲ್ಲಿ ಮಾತು ಕಲಸಿಹೋಗಿದೆ, ಬಹುಪಾಲು ಕೇಬಲ್, ಸಂಪರ್ಕ ಅಥವಾ ಗದ್ದಲ. ಮೈನಸ್ 110 ಅಂದರೆ ಕಾದರೂ ಉತ್ತರವಿಲ್ಲ. ಸಾಧನ ಹ್ಯಾಂಗ್ ಆಗಿರಬಹುದು ಅಥವಾ ವೋಲ್ಟೇಜ್ ಸಾಲದೆ ಅದರ ಚಿಪ್ ರೀಸೆಟ್ ಆಗಿರಬಹುದು. 'ಓವರ್ ಕರೆಂಟ್' ಬಂದರೆ ಸೀಸದಹೊಗೆ ಅವರ ಪಿನ್ ಕಥೆಗೆ ವಾಪಸ್ ಹೋಗಿ. ಹಬ್ ತಾನೇ ಪೋರ್ಟನ್ನು ಮುಚ್ಚಿತು, 'ಇಎಂಐ' ಇರಬಹುದೇ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೇಳುವ ಒಂದು ಸಾಲೂ ಇದೆ, ಅದು ವಿದ್ಯುತ್ಕಾಂತೀಯ ಗದ್ದಲದ ಕಡೆ ಕೈತೋರಿಸುತ್ತದೆ.

ಡಿಸ್ಕ್ ಕಡಿಯುವುದಕ್ಕೆ ಪೋರ್ಟೇ ಕಾರಣ ಆಗಬೇಕಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಡಿಸ್ಕಿನ ಡಬ್ಬಿಯೊಳಗಿರುವ ಬ್ರಿಡ್ಜ್ ಚಿಪ್ (ಡಿಸ್ಕನ್ನು ಯುಎಸ್‌ಬಿಗೆ ಕೂಡಿಸುವ ಚಿಪ್) ಬಿಸಿಯಾದಾಗ ರೀಸೆಟ್ ಆಗುವುದುಂಟು. 'ಸ್ವಲ್ಪ ಹೊತ್ತು ಆದ ಮೇಲೆ' ಎಂಬ ಮಾತು ನಿಮ್ಮ ಪ್ರಶ್ನೆಯಲ್ಲಿ ಇರುವುದರಿಂದ ಹೇಳಿದೆ. ಪರೀಕ್ಷೆ ಸುಲಭ: ತಣ್ಣಗಿರುವ ಡಿಸ್ಕ್ ಹಾಕಿ ಎಷ್ಟು ಹೊತ್ತಿಗೆ ಕಡಿಯಿತು ನೋಡಿ, ವಾಪಸ್ ಬಂದ ಕೂಡಲೇ ಮತ್ತೆ ಕಾಪಿ ಶುರು ಮಾಡಿ. ಎರಡನೇ ಸಲ ಬಹುಬೇಗ ಕಡಿದರೆ ಶಾಖದ ಮೇಲೆ ಅನುಮಾನ ಪಡಿ. ಯುಎಎಸ್ ಎಂಬ ವೇಗದ ವಿಧಾನವನ್ನು ಸರಿಯಾಗಿ ನಿಭಾಯಿಸದ ಬ್ರಿಡ್ಜ್ ಚಿಪ್‌ಗಳೂ ಇವೆ. ಲಿನಕ್ಸ್‌ನಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಯುಎಎಸ್ ನಿಲ್ಲಿಸುವ ಕರ್ನಲ್ ಆಯ್ಕೆ ಇದೆ. ನಿಲ್ಲಿಸಿದ ಮೇಲೆ ಕಡಿಯುವುದು ನಿಂತರೆ ಡಬ್ಬಿಯ ಫರ್ಮ್‌ವೇರ್ ಅಪ್‌ಡೇಟ್ ಹುಡುಕಬೇಕು. ಅದು ಸಿಗದಿದ್ದರೆ ಡಬ್ಬಿ ಬದಲಿಸುವುದೇ ದಾರಿ.

ಈಗ ಸ್ಲೀಪ್. ಎಲ್ಲರೂ ಮೊದಲು ಹೇಳುವುದು ಪವರ್ ಆಪ್ಷನ್ಸ್‌ಗೆ ಹೋಗಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಡಿಸೇಬಲ್ ಮಾಡಿ ಎಂದು. ಮಾಡಿ, ಡೆಸ್ಕ್‌ಟಾಪಿನಲ್ಲಿ ನಷ್ಟವೇನಿಲ್ಲ. ಆದರೆ ಅದು ಸುಮ್ಮನಿರುವ ಸಾಧನವನ್ನು ಮಲಗಿಸುವ ವ್ಯವಸ್ಥೆ. ಕಾಪಿ ನಡೆಯುತ್ತಿರುವ ಡಿಸ್ಕ್ ಸುಮ್ಮನಿರುವುದಿಲ್ಲವಲ್ಲ! ನಡುಕಾಪಿಯಲ್ಲಿ ಕಡಿಯುವುದಕ್ಕೆ ಈ ಮದ್ದು ಬರೆದುಕೊಡುವವರು ಕಾಯಿಲೆ ನೋಡಿಲ್ಲ. ನಿಮ್ಮ ಆಡಿಯೋ ಇಂಟರ್‌ಫೇಸಿಗಾದರೆ ಉಪಯೋಗ ಆಗಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅದು ಕೂತಿರುವ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಪವರ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಟಿಕ್ ತೆಗೆಯಿರಿ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಆರಿಸಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೇ ವಾಪಸ್ ಬರುತ್ತದೆ, ಕೆಟ್ಟ ಸ್ಥಿತಿಯೂ ಸೇರಿ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಹೊಸದಾಗಿ ಶುರು.

ಬೋರ್ಡ್ ಎಎಂಡಿ 500 ಸರಣಿಯದಾಗಿದ್ದರೆ ಬಯೋಸ್ ಆವೃತ್ತಿ ನೋಡಲೇಬೇಕು. ಆ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ ಕಡಿಯುವ ತೊಂದರೆ ಇರುವುದನ್ನು ಎಎಂಡಿ 2021ರ ಫೆಬ್ರವರಿಯಲ್ಲಿ ಒಪ್ಪಿಕೊಂಡು, ಅಜೀಸಾ 1.2.0.2 ಎಂಬ ಫರ್ಮ್‌ವೇರಿನಲ್ಲಿ ಪರಿಹಾರ ಕೊಟ್ಟಿತು. ಅದಕ್ಕಿಂತ ಹಳೆಯ ಬಯೋಸ್ ಇದ್ದರೆ ಮಿಕ್ಕ ಪರೀಕ್ಷೆಗೆ ಮೊದಲು ಅಪ್‌ಡೇಟ್ ಮಾಡಿ. ಬಯೋಸ್ ಫೈಲನ್ನು ಕಡಿಯದ ಹಿಂದಿನ ಪೋರ್ಟಿನಿಂದ ಹಾಕಿ, ದಯವಿಟ್ಟು.

---

ಗಡಿಬಿಡಿ:

ಇಷ್ಟೆಲ್ಲ ಯಾಕೆ, ಪವರ್ ಅಡಾಪ್ಟರ್ ಇರುವ ಹಬ್ ಒಂದು ಹಾಕಿದರೆ ಮುಗೀತಲ್ಲ?

---

ಅರ್ಧವೋಲ್ಟ್:

@ಗಡಿಬಿಡಿ, ವೋಲ್ಟೇಜ್ ಒಂದೇ ತೊಂದರೆಯಾಗಿದ್ದರೆ ಮುಗಿಯುತ್ತದೆ. ವೇಗದ ಸಂಪರ್ಕಗಳು ಕೆಟ್ಟಿದ್ದರೆ ಹಬ್ಬೂ ಅದೇ ಕೆಟ್ಟ ಪೋರ್ಟಿನ ಮೂಲಕವೇ ಮಾತಾಡಬೇಕು. ಆಗ ಡಿಸ್ಕ್ ಒಂದರ ಬದಲು ಹಬ್ಬಿಗೆ ಹಾಕಿದ್ದೆಲ್ಲ ಒಟ್ಟಿಗೆ ಕಡಿಯುತ್ತದೆ.

ತಗೊಳ್ಳುವುದೇ ಆದರೆ ಅಡಾಪ್ಟರಿನ ಆಂಪಿಯರ್ ನೋಡಿ. ನಾಲ್ಕು ಪೋರ್ಟಿಗೂ 0.9ರಂತೆ ಕೊಡಬೇಕಾದರೆ 3.6 ಆಯಿತು, ಐದು ವೋಲ್ಟಿನ 4 ಆಂಪಿಯರ್ ಅಡಾಪ್ಟರ್ ಬೇಕು. 1 ಆಂಪಿಯರ್ ಅಡಾಪ್ಟರ್ ಕೊಟ್ಟು 'ಪವರ್ಡ್' ಎಂದು ಬರೆದಿರುವುದು ಹೆಸರಿಗೆ ಮಾತ್ರ. ಇನ್ನೊಂದು: ಕಂಪ್ಯೂಟರ್ ಆರಿಸಿ ಗೋಡೆಯ ಸ್ವಿಚ್ ತೆಗೆದ ಮೇಲೂ ಬೋರ್ಡಿನ ದೀಪ ಮಿಣುಕುತ್ತಿದ್ದರೆ ಹಬ್ಬು ಪವರನ್ನು ಹಿಂದಕ್ಕೆ ತಳ್ಳುತ್ತಿದೆ. ಅಂಥದ್ದನ್ನು ಬಳಸಬೇಡಿ, ಬೋರ್ಡ್ ಸರಿಯಾಗಿ ರೀಸೆಟ್ ಆಗದೆ ವಿಚಿತ್ರ ತೊಂದರೆಗಳು ಶುರುವಾಗುತ್ತವೆ.

---

ಮೂಲೆಮೇಜು:

ಎಲ್ಲರಿಗೂ ಧನ್ಯವಾದ. ಅಳತೆಗಳು:

ಹಿಂದಿನ ನೀಲಿ ಪೋರ್ಟ್: ಖಾಲಿ 5.08, ಡಿಸ್ಕ್ ತಿರುಗಲು ಶುರುವಾಗುವಾಗ 4.94 (0.85 ಆಂಪಿಯರ್), ಕಾಪಿಯಲ್ಲಿ 4.99 (0.55).
ಮುಂದಿನ ಪೋರ್ಟ್, ಎಡಗಡೆಯದು: ಖಾಲಿ 5.04, ಶುರುವಿನಲ್ಲಿ 4.49, ಕಾಪಿಯಲ್ಲಿ 4.68. ಬಲಗಡೆಯದು ಕಾಪಿಯಲ್ಲಿ 4.81.
ನೇರಳೆ ತಂತಿ 5.09, ಕೆಂಪು 5.07, ಡಿಸ್ಕ್ ಓಡುವಾಗಲೂ ಅಲ್ಲಾಡಲಿಲ್ಲ.

ಲಿನಕ್ಸ್‌ನಲ್ಲೂ ಎಡ ಪೋರ್ಟಿನಲ್ಲಿ ಕಡಿಯಿತು. ಮೊದಲು ಮೈನಸ್ 71 ಕೆಲವು ಸಲ, ಆಮೇಲೆ ಡಿಸ್‌ಕನೆಕ್ಟ್. ಎರಡನೇ ಸಲ ಬೇಗ ಕಡಿಯಲಿಲ್ಲ, ಹಾಗಾಗಿ ಶಾಖ ಅಲ್ಲ ಅನ್ನಿಸುತ್ತದೆ. 157 ಎಲ್ಲವೂ ಮುಂದಿನ ಪೋರ್ಟಿನವೇ. ಬೋರ್ಡ್ ಎಎಂಡಿ 500 ಸರಣಿಯದಲ್ಲ. ರಿಸೀವರನ್ನು ಎಕ್ಸ್‌ಟೆನ್ಷನ್ ಮೇಲೆ ಮೇಜಿಗೆ ತಂದ ಮೇಲೆ ಮೌಸ್ ಸರಿಯಾಯಿತು.

---

ಅರ್ಧವೋಲ್ಟ್:

ಚೆನ್ನಾಗಿ ಅಳೆದಿದ್ದೀರಿ. ಎಸ್‌ಎಂಪಿಎಸ್ ಗಟ್ಟಿಯಾಗಿದೆ, ಅದನ್ನು ಬಿಡಿ. ಹಿಂದಿನ ಪೋರ್ಟಿನ ರೋಧ 0.09 ಭಾಗಿಸು 0.55, ಅಂದರೆ 0.16 ಓಮ್, ಆರೋಗ್ಯವಾಗಿದೆ. ಮುಂದಿನ ಎಡದ್ದು 0.36 ಭಾಗಿಸು 0.55, 0.65 ಓಮ್. ಶುರುವಿನ ಅಳತೆಯಿಂದ ಲೆಕ್ಕ ಹಾಕಿದರೂ 0.55 ಭಾಗಿಸು 0.85, ಅಷ್ಟೇ ಬರುತ್ತದೆ. ಅಂದರೆ ಅಳತೆಯನ್ನು ನಂಬಬಹುದು.

60 ಸೆಂಟಿಮೀಟರ್ ಒಳಕೇಬಲ್ ಸಪೂರವೇ ಆಗಿದ್ದರೂ ಹೋಗಿ ಬರಲು 0.26 ಓಮ್. ಬೋರ್ಡಿನ ಪಾಲು 0.1 ಚಿಲ್ಲರೆ ಸೇರಿಸಿದರೆ 0.4ರ ಹತ್ತಿರ ಇರಬೇಕಿತ್ತು. ಬಲ ಪೋರ್ಟ್ 0.42 ತೋರಿಸುತ್ತಿದೆ, ಲೆಕ್ಕಕ್ಕೆ ಸರಿಯಾಗಿ. ಎಡದ್ದರಲ್ಲಿ ಹೆಚ್ಚುವರಿ 0.23 ಎಲ್ಲಿಂದಲೋ ಬಂದಿದೆ. ಎರಡೂ ಪೋರ್ಟಿಗೆ ಒಂದೇ ಕೇಬಲ್, ಒಂದೇ ಪ್ಲಗ್. ಒಂದು ಮಾತ್ರ ಕೆಟ್ಟಿದ್ದರೆ ಆ ಬದಿಯ ಪಿನ್ನೋ, ಆ ಪೋರ್ಟಿನ ಸಂಪರ್ಕವೋ, ಇಲ್ಲ ಬೋರ್ಡಿನಲ್ಲಿ ಆ ಪೋರ್ಟಿಗಿರುವ ಪಾಲಿಫ್ಯೂಸೋ (ಕರೆಂಟ್ ಹೆಚ್ಚಾದಾಗ ತಡೆದು, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುವ ಫ್ಯೂಸ್). ಪಾಲಿಫ್ಯೂಸ್ ಹೆಚ್ಚು ಕರೆಂಟಿಗೆ ಒಮ್ಮೆ ಬಿಟ್ಟುಕೊಂಡರೆ ತಣ್ಣಗಾದ ಮೇಲೂ ರೋಧ ಮೊದಲಿಗಿಂತ ಹೆಚ್ಚೇ ಉಳಿಯುತ್ತದೆ. ಆದರೆ ಮೈನಸ್ 71 ಮತ್ತು 2.0ಕ್ಕೆ ಇಳಿಯುವುದು ಎರಡೂ ಇರುವುದರಿಂದ ಬರೀ ಫ್ಯೂಸ್ ಅಲ್ಲ. ನನ್ನ ಪಂದ್ಯ ಹೆಡರಿನ ಮೇಲೆ.

---

ಸೀಸದಹೊಗೆ:

ಬಿಚ್ಚಿ ನೋಡಿ, ಎಡ ಪೋರ್ಟ್ ಹೆಡರಿನ ಯಾವ ಬದಿ ಎಂಬುದು ಕ್ಯಾಬಿನೆಟ್ ಮೇಲೆ ಹೋಗುತ್ತದೆ, ಎರಡೂ ಬದಿಯ ಗ್ರೌಂಡ್ ಪಿನ್ ನೋಡಿ. ಪಿನ್ ಎಲ್ಲ ನೆಟ್ಟಗಿದ್ದರೆ 19 ಪಿನ್ನಿನಿಂದ ಎರಡು ಪೋರ್ಟ್ ಕೊಡುವ ಹಿಂಬದಿ ಬ್ರಾಕೆಟ್ ಸಿಗುತ್ತದೆ, ಅದನ್ನು ಹೆಡರಿಗೆ ಹಾಕಿ ಮತ್ತೆ ಅಳೆಯಿರಿ. ಅಲ್ಲಿ ಸರಿಬಂದರೆ ಮುಂದಿನ ಕೇಬಲ್ ಕೆಟ್ಟಿದೆ, ಅಲ್ಲೂ ಹಾಗೇ ಇದ್ದರೆ ಬೋರ್ಡ್.

---

ಮೂಲೆಮೇಜು:

ಸಿಕ್ಕಿತು. 4ನೇ ಪಿನ್ ಪ್ಲಾಸ್ಟಿಕ್ ಗೂಡಿನ ತಳಕ್ಕೆ ಮಡಚಿಕೊಂಡು ಮಲಗಿತ್ತು, ಪಕ್ಕದ್ದಕ್ಕೆ ತಾಗಿರಲಿಲ್ಲ. ಪೆನ್ಸಿಲ್ ಮೂತಿಯಿಂದ ಎತ್ತಿ, ಪ್ಲಗ್ ನೆಟ್ಟಗೆ ಕೂರಿಸಿದೆ. ಪಕ್ಕದ ಬಾಗಿಲು ಒತ್ತದಂತೆ ಕೇಬಲನ್ನು ಟೈ ಹಾಕಿ ಬೇರೆ ಕಡೆ ತಿರುಗಿಸಿದೆ. ಎಡ ಪೋರ್ಟ್ ಈಗ ಕಾಪಿಯಲ್ಲಿ 4.80, ಶುರುವಿನಲ್ಲಿ 4.67. ಗಿಡ್ಡ ಕೇಬಲ್ ಹಾಕಿ 200 ಜಿಬಿ ಕಾಪಿ ಮಾಡಿದೆ, 153 ಕೂಡ ಬರಲಿಲ್ಲ. ಟ್ರೀ ವ್ಯೂನಲ್ಲಿ 5 ಜಿಬಿಪಿಎಸ್ ತೋರಿಸುತ್ತಿದೆ. 1.5 ಮೀಟರ್ ಕೇಬಲ್ ಹಾಕಿದರೆ ಮಾತ್ರ ಡಿಸ್ಕ್ ಶುರುವಾಗಲು ತಡಕಾಡುತ್ತದೆ.

ಆಡಿಯೋ ಇಂಟರ್‌ಫೇಸ್ ಒಂದು ಉಳಿದಿದೆ. ರೂಟ್ ಹಬ್ಬಿನ ಟಿಕ್ ತೆಗೆದು, ಫಾಸ್ಟ್ ಸ್ಟಾರ್ಟಪ್ ಆರಿಸಿದ ಮೇಲೆ ಕೋಡ್ 43 ಕಂಡಿಲ್ಲ. ಆದರೆ ಡಿಸ್ಕ್ ಕಾಪಿ ಜೊತೆ ನಡೆದರೆ ಚಟಪಟ ಸದ್ದು.

---

ಅರ್ಧವೋಲ್ಟ್:

ಉದ್ದ ಕೇಬಲ್ ತಡಕಾಡಲೇಬೇಕು. ಪೋರ್ಟಿನಲ್ಲೇ 4.67, ಅದರಿಂದ 0.54 ಕಳೆದರೆ ಡಿಸ್ಕಿಗೆ ತಲುಪುವುದು 4.13. ಗಿಡ್ಡದರಲ್ಲಿ 4.49 ತಲುಪುತ್ತದೆ. ದೊಡ್ಡ ಬ್ಯಾಕಪ್ ಇದ್ದಾಗ ಡಿಸ್ಕನ್ನು ಹಿಂದಿನ ಪೋರ್ಟಿಗೇ ಹಾಕಿ, ಅಲ್ಲಿ ಇನ್ನೂ ಕಾಲು ವೋಲ್ಟ್ ಹೆಚ್ಚು ಸಿಗುತ್ತದೆ.

---

ತಂತಿಗಂಟು:

ಆಡಿಯೋ ಯುಎಸ್‌ಬಿಯಲ್ಲಿ ಹೋಗುವುದು ಐಸೋಕ್ರೋನಸ್ ವಿಧಾನದಲ್ಲಿ. ಸಮಯಕ್ಕೆ ಸರಿಯಾಗಿ ತಲುಪಿಸುತ್ತದೆ, ಆದರೆ ದಾರಿಯಲ್ಲಿ ಕೆಟ್ಟ ತುಣುಕನ್ನು ಮತ್ತೆ ಕಳಿಸುವುದಿಲ್ಲ. ಡಿಸ್ಕ್ ಆದರೆ ಮತ್ತೆ ಕೇಳಿ ಪಡೆಯುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಆಡಿಯೋದಲ್ಲಿ ಅದೇ ತಪ್ಪು ಕಿವಿಗೆ 'ಚಟ್' ಎಂದು ಕೇಳುತ್ತದೆ.

ಇಂಟರ್‌ಫೇಸನ್ನು ಹಿಂದಿನ ಕಪ್ಪು ಪೋರ್ಟಿಗೆ, ನಡುವೆ ಹಬ್ ಇಲ್ಲದೆ ಹಾಕಿ. ಟ್ರೀ ವ್ಯೂನಲ್ಲಿ ಡಿಸ್ಕ್ ಮತ್ತು ಇಂಟರ್‌ಫೇಸ್ ಬೇರೆ ಬೇರೆ ಹೋಸ್ಟ್ ಕಂಟ್ರೋಲರ್ ಅಡಿ ಕಾಣುವ ಪೋರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಬಹಳ ಬೋರ್ಡುಗಳಲ್ಲಿ ಕೆಲವು ಪೋರ್ಟ್ ಸಿಪಿಯುಗೆ, ಉಳಿದವು ಚಿಪ್‌ಸೆಟ್ಟಿಗೆ ಹೋಗಿರುತ್ತವೆ. ಆಮೇಲೆ ಇಂಟರ್‌ಫೇಸಿನ ಬಫರ್ (ಸದ್ದಿನ ತುಣುಕುಗಳನ್ನು ಮುಂಗಡ ಕೂಡಿಡುವ ಜಾಗ) 128ರಿಂದ 256 ಸ್ಯಾಂಪಲ್‌ಗೆ ಏರಿಸಿ. 48 ಕಿಲೋಹರ್ಟ್ಸ್‌ನಲ್ಲಿ 2.7 ಮಿಲಿಸೆಕೆಂಡ್ ಇದ್ದದ್ದು 5.3 ಆಗುತ್ತದೆ, ಹಾಡು ಕೇಳುವಾಗ ಅದು ತಿಳಿಯುವುದೂ ಇಲ್ಲ.

ಎಲ್ಲವೂ ಒಂದೇ ಕಂಟ್ರೋಲರಿನಡಿ ಬಂದರೆ ಪಿಸಿಐ ಎಕ್ಸ್‌ಪ್ರೆಸ್ ಯುಎಸ್‌ಬಿ ಕಾರ್ಡ್ ಒಂದು ಹಾಕಿ ಡಿಸ್ಕನ್ನು ಅತ್ತ ಕಳಿಸಬಹುದು. ಕಾರ್ಡಿನ ಮೇಲೆ ಸಾಟಾ ಪವರ್ ಕನೆಕ್ಟರ್ ಇರುವುದನ್ನೇ ಆರಿಸಿ. ಆ ಸ್ಲಾಟಿನಲ್ಲಿ 12 ಮತ್ತು 3.3 ವೋಲ್ಟ್ ಮಾತ್ರ ಬರುತ್ತದೆ, 5 ವೋಲ್ಟ್ ಇಲ್ಲ. ಬೇರೆ ಪವರ್ ಇಲ್ಲದ ಕಾರ್ಡ್ 12ರಿಂದ 5 ಮಾಡಿಕೊಳ್ಳಬೇಕು. ಚಿಕ್ಕ ಎಕ್ಸ್1 ಕಾರ್ಡಿಗೆ 12 ವೋಲ್ಟಿನಲ್ಲಿ ಸಾಮಾನ್ಯವಾಗಿ ಅರ್ಧ ಆಂಪಿಯರ್ ಮಿತಿ, ಅಂದರೆ 6 ವ್ಯಾಟ್, ಐದು ವೋಲ್ಟಿನಲ್ಲಿ 1.2 ಆಂಪಿಯರಿಗಿಂತ ಕಡಿಮೆ, ಎಲ್ಲ ಪೋರ್ಟಿಗೂ ಸೇರಿ.

---

ಮೂಲೆಮೇಜು:

ಕಪ್ಪು ಪೋರ್ಟ್ ಬೇರೆ ಕಂಟ್ರೋಲರಿನಡಿಯೇ ಇತ್ತು. ಇಂಟರ್‌ಫೇಸ್ ಅಲ್ಲಿಗೆ ಹಾಕಿದ ಮೇಲೆ 128ರಲ್ಲೇ ಚಟಪಟ ನಿಂತಿದೆ, ಬಫರ್ ಏರಿಸಬೇಕಾಗಲಿಲ್ಲ. ಕಾರ್ಡ್ ಸದ್ಯಕ್ಕೆ ಬೇಡ. ಚೆಕ್ ಡಿಸ್ಕ್ ಈಗ ಓಡುತ್ತಿದೆ, ಹಿಂದಿನ ಪೋರ್ಟಿನಲ್ಲಿ.